ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ

ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾಗಿದೆ, ಅದಕ್ಕೇ ಈ ಮಾತು. ಹೋದ ವರ್ಷ ಇಂಥದ್ದೇ ಒಂದು ಸಂಜೆ ನಮ್ಮ ಟಿವಿ ಸುಟ್ಟುಹೋಯಿತು. ಸ್ವಿಚ್ ಆಫ್ ಮಾಡಿಯೇ ಇತ್ತು! ಹಿಂದೆ ನೋಡಿದರೆ ಡಿಶ್ ವೈರ್ ಸಿಕ್ಕಿಸುವ ಜಾಗ ಕಪ್ಪಗಾಗಿತ್ತು. ಹಾಗಾಗಿ ಪ್ಲಗ್ ಜೊತೆಗೆ ಡಿಶ್ ವೈರ್, ಇಂಟರ್ನೆಟ್ ವೈರ್ ಕೂಡ ಕಿತ್ತಿಡಿ. ಮೋಡ ಕಟ್ಟಿದಾಗಲೇ ಕೀಳಿ, ಗುಡುಗುವಾಗ ವೈರ್ ಮುಟ್ಟಲೇಬೇಡಿ.

ಸ್ಪೈಕ್ ಗಾರ್ಡ್ ಕೊಳ್ಳುವಾಗ ಒಳಗೆ ಎಂಒವಿ (ಇದ್ದಕ್ಕಿದ್ದಂತೆ ಏರುವ ವೋಲ್ಟೇಜ್ ತಡೆಯುವ ಬಿಡಿಭಾಗ) ಇದೆಯಾ ಕೇಳಿ. ಸುಮ್ನೆ ನಾಲ್ಕು ಸಾಕೆಟ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಪ್ರಯೋಜನವಿಲ್ಲ. ಅರ್ಥಿಂಗ್ ಸರಿ ಇರಬೇಕು, ಅದು ಬಹಳ ಮುಖ್ಯ.

ಇನ್ನೊಂದು ವಿಷಯ. ಬಲ್ಬ್ ಇದ್ದಕ್ಕಿದ್ದಂತೆ ಜಾಸ್ತಿ ಉರಿದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕಟ್ಟಾಗಿರಬಹುದು. 230 ವೋಲ್ಟ್ ಬರುವ ಕಡೆ 400ರ ಹತ್ತಿರ ಬರಬಹುದು. ತಕ್ಷಣ ಮೇನ್ ಆಫ್ ಮಾಡಿ, ಲೈನ್‌ಮ್ಯಾನ್‌ಗೆ ಫೋನ್ ಮಾಡಿ.