ಓಮಾಹಾದಲ್ಲಿ ಮೊದಲ ಸೀಟಿನ ರೇಸ್: ನನ್ನ ಅನುಭವ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಪಾಟ್ ಲಿಮಿಟ್ ಓಮಾಹಾ (ಪ್ರತಿಯೊಬ್ಬರಿಗೂ ನಾಲ್ಕು ಎಲೆ ಸಿಗುವ, ಪಾಟ್ ಅಂದರೆ ನಡುವೆ ಕೂಡಿದ ಹಣದಷ್ಟು ಮಾತ್ರ ಪಣ ಏರಿಸಬಹುದಾದ ಪೋಕರ್ ಆಟ) ಆಡಲು ನಾನು ಆರಂಭಿಸಿದ್ದು 2022ರಲ್ಲಿ. ಕೂರುವುದು 100-200ರ ಮೇಜಿನಲ್ಲಿ (ಎಲೆ ನೋಡುವ ಮುನ್ನ ಇಬ್ಬರು ಹಾಕಬೇಕಾದ ಕಡ್ಡಾಯ ಪಣ: ಸ್ಮಾಲ್ ಬ್ಲೈಂಡ್ 100, ಬಿಗ್ ಬ್ಲೈಂಡ್ 200), ಸಾಮಾನ್ಯವಾಗಿ ಎಂಟು ಜನರ ನಡುವೆ, 20,000 ರೂಪಾಯಿ ಇಟ್ಟುಕೊಂಡು. ಬಿಗ್ ಬ್ಲೈಂಡ್‌ನ ಎಡಗಡೆಯ, ಎಲ್ಲರಿಗಿಂತ ಮುಂಚೆ ನಿರ್ಧರಿಸಬೇಕಾದ ಮೊದಲ ಸೀಟಿನಲ್ಲಿ ಒಂದೋ ಪೂರ್ಣ ಪಾಟ್ ರೇಸ್ ಮಾಡುವುದು (ಪಣವನ್ನು ಗರಿಷ್ಠಕ್ಕೆ, ಇಲ್ಲಿ 700ಕ್ಕೆ, ಏರಿಸುವುದು), ಇಲ್ಲವೇ ಎಲೆಗಳನ್ನು ಎಸೆಯುವುದು, ಲಿಂಪ್ (ಪಣ ಏರಿಸದೆ ಬರೀ 200 ಹಾಕಿ ಒಳಬರುವುದು) ಎಂಬುದನ್ನೇ ಮರೆಯುವುದು ಎಂದು ನಾನು ನಿರ್ಧರಿಸಿದಾಗ, ನನಗಿಂತ ಹತ್ತು ವರ್ಷ ಹೆಚ್ಚು ಆಡಿರುವ ಗೆಳೆಯರೊಬ್ಬರು, "ಮೊದಲನೇ ಸೀಟಿನಾಗ ರೊಕ್ಕ ಯಾಕ ಸುರೀತೀರಿ? ಫ್ಲಾಪ್ ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದಿದ್ದರು (ಫ್ಲಾಪ್ ಎಂದರೆ ಮೇಜಿನ ನಡುವೆ ಬಿಚ್ಚಿಡುವ ಮೊದಲ ಮೂರು ಎಲೆಗಳು). ಕಾರಿನಲ್ಲಿ ಜೊತೆಗೆ ಬರುತ್ತಿದ್ದ ಉಳಿದ ಇಬ್ಬರ ಅಭಿಪ್ರಾಯವೂ ಅದೇ ಆಗಿತ್ತು.

ಅವರ ಅನುಮಾನಕ್ಕೆ ಕಾರಣವಿತ್ತು, ಏಕೆಂದರೆ ಮೊದಲ ವರ್ಷ ನಾನು ಸುಮಾರು 2.75 ಲಕ್ಷ ಕಳೆದುಕೊಂಡಿದ್ದೆ. ಆಗ ನಾನು ಮೊದಲ ಸೀಟಿನಿಂದ ಜೋಡಿ ಎಕ್ಕ ಬಂದಾಗ ಮಾತ್ರ ರೇಸ್ ಮಾಡುತ್ತಿದ್ದೆ. ಜೋಡಿ ಎಕ್ಕ ಬರುವುದು ಹೆಚ್ಚುಕಡಿಮೆ 39 ಕೈಗಳಿಗೊಮ್ಮೆ. ಹಡಗಿನ ಮೇಜಿನಲ್ಲಿ ಒಂದು ರಾತ್ರಿಗೆ ಮೊದಲ ಸೀಟು ನನಗೆ ಸಿಗುವುದು ಇಪ್ಪತ್ತು ಇಪ್ಪತ್ತೆರಡು ಸಲ. ಎರಡು ರಾತ್ರಿಗೊಮ್ಮೆ ಮಾತ್ರ ಅಲ್ಲಿಂದ 700 ಹಾಕುವವನ ಕೈಯಲ್ಲಿ ಏನಿದೆ ಎಂದು ಊಹಿಸಲು ಯಾರಿಗೂ ಕಷ್ಟವಾಗುವುದಿಲ್ಲ. ಒಂದು ರಾತ್ರಿ ನಾಲ್ಕು ಬಣ್ಣದ (ಬಣ್ಣ ಎಂದರೆ ಹಾರ್ಟ್, ಸ್ಪೇಡ್‌ನಂಥ ಜಾತಿ) ಎಕ್ಕ-ಎಕ್ಕ-ರಾಣಿ-ನಾಲ್ಕಕ್ಕೆ 700 ಹಾಕಿದೆ, ಬಿಗ್ ಬ್ಲೈಂಡ್ ಸೇರಿ ನಾಲ್ವರು ಕಾಲ್ ಮಾಡಿದರು (ಅಷ್ಟೇ ಹಣ ಹಾಕಿದರು), ಪಾಟ್ 3,600 ಆಯಿತು, ಫ್ಲಾಪ್‌ನಲ್ಲಿ ಒಂಬತ್ತು-ಎಂಟು-ಆರು ಬಿದ್ದಿತು. ನಾನು ಪಾಟ್ ಹೊಡೆದೆ (ಪಾಟ್‌ನಷ್ಟು ಪೂರ್ತಿ ಪಣ ಹಾಕಿದೆ), ಹತ್ತು-ಏಳು ಹಿಡಿದು ಸ್ಟ್ರೇಟ್ (ಸಾಲಾದ ಐದು ಎಲೆ) ಕಟ್ಟಿದವರು ಮರಳಿ ಪಾಟ್ ಹೊಡೆದರು, ಎಕ್ಕಗಳ ಮೋಹ ಬಿಡಲಾಗದೆ ಉಳಿದದ್ದನ್ನೆಲ್ಲ ನಾನು ಒಳಗೆ ತಳ್ಳಿದೆ. ಆ ವರ್ಷ ಇಂಥ ಪಾಟ್‌ಗಳು ಕಡಿಮೆಯೆಂದರೂ ಐದಾರು ಇದ್ದವು.

2023ರಲ್ಲಿ ಅದರ ವಿರುದ್ಧ ದಿಕ್ಕಿಗೆ ಹೋದೆ. ಕೈ ಕಾಣಿಸಬಾರದೆಂದು ನೂರಕ್ಕೆ ಇಪ್ಪತ್ತೈದು ಮೂವತ್ತು ಕೈಗಳಿಗೆ ರೇಸ್ ಮಾಡತೊಡಗಿದೆ. ರಾಜ-ರಾಣಿ-ಏಳು-ಆರು ಬಂದರೂ, ಅದರಲ್ಲಿ ರಾಜನ ಜೊತೆ ಒಂದು ಎಲೆ ಅದೇ ಬಣ್ಣದ್ದಿದ್ದರೆ ಸಾಕು, 700 ಒಳಗೆ ಹೋಗುತ್ತಿತ್ತು. ರಾಜನ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಹಿಡಿದು ಎಕ್ಕದ ಫ್ಲಶ್‌ಗೆ ಹಣ ಕೊಡುವುದು, ಸ್ಟ್ರೇಟ್‌ನ ಕೆಳತುದಿ ಹಿಡಿದು ಮೇಲ್ತುದಿಯವರಿಗೆ ಹಣ ಕೊಡುವುದು, ಆ ವರ್ಷ ಇದೇ ಆಯಿತು. ಇನ್ನೂ 3 ಲಕ್ಷ ಹೋಯಿತು. ಸೀಟಿನ ಪ್ರಕಾರ ಲೆಕ್ಕ ಬರೆದಿಡುವ ಒಂದು ನೋಟ್‌ಬುಕ್ ನನ್ನಲ್ಲಿತ್ತು. ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿದಾಗ, ಆ 3 ಲಕ್ಷದಲ್ಲಿ ಸುಮಾರು 1.7 ಲಕ್ಷ ಮೊದಲ ಎರಡು ಸೀಟುಗಳಲ್ಲೇ ಹೋಗಿತ್ತು. ಫ್ಲಾಪ್ ನಂತರ ಎಲ್ಲರಿಗಿಂತ ಕೊನೆಗೆ ಮಾತಾಡುವ ಬಟನ್ ಸೀಟಿನಲ್ಲಿ ನಾನು ಆಗಲೂ ಲಾಭದಲ್ಲಿದ್ದೆ.

ನನಗೆ ಆಗ ಹೊಳೆದದ್ದು ಇಷ್ಟು: ನಮ್ಮ ಮೇಜುಗಳಲ್ಲಿ 700ಕ್ಕೆ ಯಾರೂ ಹೆದರುವುದಿಲ್ಲ, ಮೂವರು ನಾಲ್ವರು ಬಂದೇ ಬರುತ್ತಾರೆ, ಮತ್ತು ಬ್ಲೈಂಡ್‌ನವರನ್ನು ಬಿಟ್ಟರೆ ಅವರೆಲ್ಲರೂ ಫ್ಲಾಪ್ ಮೇಲೂ ನನ್ನ ನಂತರ ಮಾತಾಡುತ್ತಾರೆ. ಹಾಗಿರುವಾಗ ಮೊದಲ ಸೀಟಿನ ರೇಸ್ ಜನರನ್ನು ಓಡಿಸುವ ಸಾಧನವಲ್ಲ; ನಾಲ್ವರ ಎದುರಿಗೂ ಎಲ್ಲಕ್ಕಿಂತ ಮೇಲಿನ ಕೈ ಕಟ್ಟಬಲ್ಲ ಎಲೆಗಳಿಂದ ಪಾಟ್ ಬೆಳೆಸುವ ಸಾಧನ. ಆದ್ದರಿಂದ ಈಗ ನಾಲ್ಕೂ ಎಲೆಗಳು ಒಂದಕ್ಕೊಂದು ಕೆಲಸ ಮಾಡದ ಹೊರತು ನಾನು ಹಣ ಹಾಕುವುದಿಲ್ಲ. ಎಕ್ಕದ ಬಣ್ಣದ್ದೇ ಇನ್ನೊಂದು ಎಲೆಯಿರುವ ಎಕ್ಕ-ರಾಜ-ಜಾಕಿ-ಹತ್ತು, ಡಬಲ್ ಸೂಟೆಡ್ (ಎರಡೆರಡು ಎಲೆ ಒಂದೊಂದು ಬಣ್ಣದ) ಆದ ದೊಡ್ಡ ರಂಡೌನ್‌ಗಳು (ನಾಲ್ಕೂ ಎಲೆ ಸಾಲಾಗಿರುವ ಕೈಗಳು), ಒಂದಾದರೂ ಬಣ್ಣ ಕೂಡಿದ ಜೋಡಿ ಎಕ್ಕ, ಪಕ್ಕದ ಎಲೆಗಳೂ ದೊಡ್ಡವಿರುವ ಜೋಡಿ ರಾಜ, ಇವಿಷ್ಟೇ. ರಂಡೌನ್‌ನಲ್ಲಿ ನನ್ನ ಕೆಳಗಿನ ಗಡಿ ಒಂಬತ್ತು-ಎಂಟು-ಏಳು-ಆರು, ಅದೂ ಡಬಲ್ ಸೂಟೆಡ್ ಆಗಿದ್ದರೆ ಮಾತ್ರ. ಆರು-ಐದು-ನಾಲ್ಕು-ಮೂರನ್ನು ನೋಡಲು ಚೆಂದವಿದ್ದರೂ ಎಸೆಯುತ್ತೇನೆ. ಎಲ್ಲ ಸೇರಿ ನೂರಕ್ಕೆ ಹತ್ತು ಹನ್ನೆರಡು ಕೈಗಳಾಗಬಹುದು, ಅಂದರೆ ಒಂದು ರಾತ್ರಿಗೆ ಮೊದಲ ಸೀಟಿನಿಂದ ಎರಡು ಅಥವಾ ಮೂರು ರೇಸ್. ಕೈ ಯಾವುದೇ ಇರಲಿ, ಮೊತ್ತ ಮಾತ್ರ ಯಾವಾಗಲೂ 700. ಎಕ್ಕಕ್ಕೆ 700, ರಂಡೌನ್‌ಗೆ 500 ಎಂದು ಬದಲಿಸುವವರನ್ನು ನಾನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದೇನೆ.

ನನ್ನ 700ರ ಮೇಲೆ, ನನ್ನ ನಂತರ ಮಾತಾಡುವವರು ಪಾಟ್ ಹೊಡೆದು 2,400ಕ್ಕೆ ಏರಿಸಿದಾಗ ಏನು ಮಾಡಬೇಕೆಂಬುದೇ ನನಗೆ ಬಹಳ ದುಬಾರಿಯಾದ ಪಾಠ. ನನ್ನ ಬಳಿ 20,000 ಇದ್ದು ಕೈಯಲ್ಲಿ ಜೋಡಿ ಎಕ್ಕವಿದ್ದರೆ ಮತ್ತೆ ಪಾಟ್ ಹೊಡೆದು 7,500 ಮಾಡುತ್ತೇನೆ. ಅವರೊಬ್ಬರೇ ಕಾಲ್ ಮಾಡಿದರೆ ಪಾಟ್ 15,300 ಆಗುತ್ತದೆ, ನನ್ನ ಬಳಿ ಉಳಿಯುವುದು 12,500, ಹಾಗಾಗಿ ಫ್ಲಾಪ್ ಏನೇ ಬಿದ್ದರೂ ಯೋಚಿಸುವ ಪ್ರಮೇಯವಿಲ್ಲ. ಆದರೆ ಇಬ್ಬರ ಬಳಿಯೂ 40,000 ಇದ್ದಾಗ ಇದನ್ನೇ ಮಾಡಿ ಎರಡು ಬಾರಿ ದೊಡ್ಡ ಪೆಟ್ಟು ತಿಂದೆ: ಪಾಟ್‌ನ ಎರಡು ಪಟ್ಟಿಗಿಂತ ಹೆಚ್ಚು ಹಣ ಹಿಂದೆ ಉಳಿದಿರುತ್ತದೆ, ನನ್ನ ಎಕ್ಕ ಬಯಲಾಗಿರುತ್ತದೆ, ಎದುರಿನವರು ಫ್ಲಾಪ್ ನೋಡಿಕೊಂಡು ನಿರ್ಧರಿಸುತ್ತಾರೆ. ಈಗ ಅಷ್ಟು ಹಣವಿರುವಾಗ ಒಣ ಎಕ್ಕವನ್ನು (ಪಕ್ಕದ ಎಲೆಗಳಿಂದ ಹೆಚ್ಚು ಸಹಾಯವಿಲ್ಲದ ಜೋಡಿ ಎಕ್ಕವನ್ನು) ಕೇವಲ ಕಾಲ್ ಮಾಡಿ ಬಚ್ಚಿಡುತ್ತೇನೆ. ಡಬಲ್ ಸೂಟೆಡ್ ಜಾಕಿ-ಹತ್ತು-ಒಂಬತ್ತು-ಎಂಟನ್ನೂ 2,400ಕ್ಕೆ ಕಾಲ್ ಮಾಡುತ್ತೇನೆ, ಏಕೆಂದರೆ ಎದುರಿನವರು ಎಕ್ಕವಿದ್ದಾಗ ಮಾತ್ರ ಏರಿಸುವವರಾಗಿದ್ದರೆ ಅವರ ಕೈ ನನಗೆ ಗೊತ್ತಿರುತ್ತದೆ, ನನ್ನದು ಅವರಿಗೆ ಗೊತ್ತಿರುವುದಿಲ್ಲ. ಇಲ್ಲಿ ನಾನು 2,400ಕ್ಕೆ ಎಕ್ಕವಿಲ್ಲದೆಯೂ ಮತ್ತೆ ಪಾಟ್ ಹೊಡೆಯುವ ಒಂದು ಸಂದರ್ಭವಿದೆ. ಅದೇ ಮೇಜಿನಲ್ಲಿ ಮುಂದಿನ ಶನಿವಾರವೂ ಕೂರಬೇಕಾಗಿರುವುದರಿಂದ ಅದನ್ನು ಬರೆಯುವುದಿಲ್ಲ.

ನಡುವೆ ಎರಡು ತಿಂಗಳು 8,000 ಮಾತ್ರ ಇಟ್ಟುಕೊಂಡು ಕೂತು ನೋಡಿದೆ. ಒಣ ಎಕ್ಕಕ್ಕೆ ಅದು ಸ್ವರ್ಗ, ಹಣವೆಲ್ಲ ಫ್ಲಾಪ್‌ಗೆ ಮುನ್ನವೇ ಒಳಗೆ ಹೋಗುತ್ತದೆ. ಆದರೆ ರಂಡೌನ್‌ಗಳಿಗೆ ಗೆಲ್ಲಲು ಹಣವೇ ಉಳಿಯುವುದಿಲ್ಲ. ಕೊನೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅದರಿಂದ ಒಂದು ವಿಷಯ ತಿಳಿಯಿತು: ಯಾರಾದರೂ 400ರ ಸ್ಟ್ರ್ಯಾಡಲ್ (ಎಲೆ ನೋಡುವ ಮುನ್ನವೇ ಸ್ವಇಚ್ಛೆಯಿಂದ ಹಾಕುವ ಹೆಚ್ಚಿನ ಪಣ) ಹಾಕಿದರೆ 20,000 ಎಂಬುದು ಬರೀ 50 ಸ್ಟ್ರ್ಯಾಡಲ್‌ನಷ್ಟಾಗುತ್ತದೆ, ಪಾಟ್ ರೇಸ್ 1,500 ಆಗುತ್ತದೆ, ಬೇರೆ ದಿನ ಬೇಸರ ತರಿಸುವ ನಾಲ್ಕು ಬಣ್ಣದ ಎಕ್ಕಕ್ಕೂ ಬೆಲೆ ಬರುತ್ತದೆ. ಮೊದಲೆಲ್ಲ ಇಂಥದ್ದನ್ನು ಆನ್‌ಲೈನ್‌ನಲ್ಲಿ ಸಣ್ಣ ಮೊತ್ತಕ್ಕೆ ಪರೀಕ್ಷಿಸುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾನೂನು ನಿಷೇಧಿಸಿದ ಮೇಲೆ ಪರೀಕ್ಷೆಯೂ ಹಡಗಿನಲ್ಲೇ, ಪೂರ್ಣ ಬೆಲೆಗೆ.

2024ರ ಆರಂಭದಿಂದ ಸುಮಾರು ಎಪ್ಪತ್ತು ರಾತ್ರಿ ಈ ಪದ್ಧತಿಯಲ್ಲಿ ಆಡಿದ್ದೇನೆ. ಒಟ್ಟು 5.5 ಲಕ್ಷದಷ್ಟು ಮೇಲಿದ್ದೇನೆ. ಪೆಟ್ರೋಲು, ಕೋಣೆ, ಹಡಗಿನ ಪ್ರವೇಶ ಕಳೆದರೆ ಅದರ ಅರ್ಧ ಉಳಿಯುತ್ತದೆ. ಮೊದಲ ಎರಡು ಸೀಟುಗಳಿಂದ ಬಂದ ಲಾಭ 40,000 ಮಾತ್ರ, ಆದರೆ ಹಿಂದೆ ಒಂದೇ ವರ್ಷದಲ್ಲಿ 1.7 ಲಕ್ಷ ನುಂಗಿದ್ದ ಸೀಟುಗಳು ಅವು. ನನ್ನನ್ನು ಅನುಮಾನಿಸಿದ್ದ ಹಿರಿಯ ಗೆಳೆಯರು ಕಳೆದ ಮಳೆಗಾಲದಲ್ಲಿ ನೋಟ್‌ಬುಕ್ ಕೇಳಿ ಪಡೆದು, ಘಾಟ್ ಹತ್ತುವಷ್ಟು ಹೊತ್ತೂ ಓದಿದರು, ಮತ್ತು ಈಗ ಅವರೂ ಮೊದಲ ಸೀಟಿನಿಂದ ಲಿಂಪ್ ಮಾಡುವುದಿಲ್ಲ.

ಐದು ಎಲೆಯ ಓಮಾಹಾಕ್ಕೆ ಇದನ್ನೇ ಒಯ್ದಾಗ ಮಾತ್ರ ನಡೆಯಲಿಲ್ಲ. ಅಲ್ಲಿ ಜೋಡಿ ಎಕ್ಕ 24 ಕೈಗಳಿಗೊಮ್ಮೆ ಬರುತ್ತದೆ, ಎಲ್ಲರ ಕೈಯೂ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ನನ್ನ ಆಯ್ಕೆಯನ್ನು ಎಷ್ಟು ಬಿಗಿ ಮಾಡಬೇಕೆಂಬುದು ಇನ್ನೂ ಕೈಗೆ ಹತ್ತಿಲ್ಲ. ಹತ್ತು ರಾತ್ರಿಗಳಲ್ಲಿ ಸುಮಾರು 60,000 ಹೋಗಿದೆ. ಐದನೆಯ ಎಲೆ ಉಳಿದ ನಾಲ್ಕರ ಜೊತೆ ಸೇರದಿದ್ದರೆ ಎಕ್ಕಗಳನ್ನೂ ಮೊದಲ ಸೀಟಿನಿಂದ ಎಸೆದು ನೋಡುತ್ತಿದ್ದೇನೆ.