ಫೈಬರ್ ಬಾಡಿಯ ಸ್ಟಾರ್ಮ್‌ಗೆ ರೇಡಾರ್ ಡಿಟೆಕ್ಟರ್ ಕೂರಿಸಿದ್ದು

"ಪ್ಲಾಸ್ಟಿಕ್ ಗಾಡಿಗೆ ಇದೆಲ್ಲಾ ಕೂರಲ್ಲ ಸಾರ್, ಸುಮ್ನೆ ದುಡ್ಡು ದಂಡ." ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನ ಗಾಡಿಯ ವೈರಿಂಗ್ ನೋಡೋ ಎಲೆಕ್ಟ್ರಿಷಿಯನ್ ಮೊದಲ ದಿನವೇ ಹೀಗಂದಿದ್ದ. ಗೆಳೆಯರದ್ದೂ ಅದೇ ರಾಗ. ಈಗ ಹೆಚ್ಚುಕಮ್ಮಿ ಹದಿನಾಲ್ಕು ತಿಂಗಳಿಂದ ನನ್ನ ಫೈಬರ್‌ಗ್ಲಾಸ್ ಬಾಡಿಯ ಪುಟ್ಟ ಕಾರು ಸ್ಯಾನ್ ಸ್ಟಾರ್ಮ್‌ನಲ್ಲಿ ರೇಡಾರ್ ಡಿಟೆಕ್ಟರ್ (ವೇಗ ಅಳೆಯೋ ರೇಡಾರ್ ಅಲೆ ಸಿಕ್ಕ ಕೂಡಲೇ ಕೂಗೋ ಯಂತ್ರ) ಸರಿಯಾಗಿ ಕೆಲಸ ಮಾಡ್ತಿದೆ, ಒಂದೂ ಚಲನ್ ಬಂದಿಲ್ಲ. ಅದಕ್ಕೇ ಬರೀತಿದ್ದೀನಿ.

ಎಲ್ಲಾ ಶುರುವಾಗಿದ್ದು ಟೈರಿಂದ. ಮೊದಲಿನ ಅಳತೆಯ ಟೈರ್ ಸಿಗದೆ ಸ್ವಲ್ಪ ದೊಡ್ಡದು ಹಾಕಿಸಿದ್ದೆ. ಗಾಲಿ ದೊಡ್ಡದಾದರೆ ಮೀಟರ್ ಕಡಿಮೆ ತೋರಿಸುತ್ತೆ ಅಂತ ಗೊತ್ತಿದ್ದರೂ ಎಷ್ಟು ಅಂತ ಅಳೆದಿರಲಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಮುಳ್ಳನ್ನ 100ರ ಮೇಲೇ ನಿಲ್ಲಿಸಿಕೊಂಡು ಮದ್ದೂರಿಂದ ಬರ್ತಿದ್ದೆ. ಒಂದೇ ತಿಂಗಳಲ್ಲಿ ಎರಡು ಚಲನ್, ತಲಾ ಸಾವಿರ. ಫೋನಿನ ಜಿಪಿಎಸ್ ಇಟ್ಟು ನೋಡಿದರೆ ನಿಜವಾದ ವೇಗ 107, 108.

ಮೊದಲು ತಂದಿದ್ದು ಮೂರು ಸಾವಿರ ಚಿಲ್ಲರೆಯ ಅಗ್ಗದ ಡಿಟೆಕ್ಟರ್. ಮಾಲ್‌ನ ತಾನೇ ತೆರೆಯೋ ಬಾಗಿಲ ಮುಂದೆ ಹೋದರೂ ಕೂಗು, ಪಕ್ಕದಲ್ಲಿ ಹೊಸ ಎಸ್‌ಯುವಿ ಬಂದರೂ ಕೂಗು. ವೇಗ ಅಳೆಯೋ ಎಷ್ಟೋ ರೇಡಾರ್‌ಗಳು ಬಳಸೋ ಕೆ ಬ್ಯಾಂಡ್ ಅನ್ನೋ ಅಲೆಪಟ್ಟಿ 24 ಗಿಗಾಹರ್ಟ್ಸ್ ಆಸುಪಾಸಿನದು. ಅಂಥ ಬಾಗಿಲುಗಳ ಸೆನ್ಸರ್, ಎಷ್ಟೋ ಕಾರುಗಳಲ್ಲಿ ಕನ್ನಡಿಗೆ ಕಾಣದ ಪಕ್ಕದ ಗಾಡಿ ಹುಡುಕೋ ಬ್ಲೈಂಡ್ ಸ್ಪಾಟ್ ರೇಡಾರ್ ಎಲ್ಲಾ ಅಲ್ಲೇ ಇರ್ತವೆ. ಎರಡು ವಾರ ತಲೆ ಚಿಟ್ಟು ಹಿಡಿದು ಕಿತ್ತು ಹಾಕಿದೆ.

ಎರಡನೇದನ್ನ ಕೊಯಮತ್ತೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡೆ, ಸುಮಾರು 26 ಸಾವಿರ. ಆಂಟೆನಾ ಬೇರೆ, ಡಿಸ್‌ಪ್ಲೇ ಬೇರೆ, ಒಳಗೇ ಜಿಪಿಎಸ್. ನಾನು ದುಡ್ಡು ಸುರಿದಿದ್ದು ಆ ಜಿಪಿಎಸ್‌ಗೇ. ಲೇಸರ್ ಗನ್ ಎದುರು ಯಾವ ಡಿಟೆಕ್ಟರೂ ಲೆಕ್ಕಕ್ಕಿಲ್ಲ, ಅದು ಕೂಗೋ ಹೊತ್ತಿಗೆ ಸಾಮಾನ್ಯವಾಗಿ ವೇಗ ಅಳೆದು ಮುಗಿದಿರುತ್ತೆ. ಬರೀ ನಂಬರ್ ಪ್ಲೇಟ್ ಓದಿ ಎರಡು ಕಡೆಯ ಹೊತ್ತು ಲೆಕ್ಕ ಹಾಕೋ ಕ್ಯಾಮೆರಾ ರೇಡಾರ್ ಅಲೆಯನ್ನೇ ಬಿಡಲ್ಲ, ಇದಕ್ಕೆ ಕೇಳಿಸೋದಾದರೂ ಏನು? ನಿಜವಾದ ವೇಗ ತೋರಿಸಿ, 98 ದಾಟಿದ ಕೂಡಲೇ ಎಚ್ಚರಿಸೋ ಯಂತ್ರ ನನಗೆ ಬೇಕಿತ್ತು. ಸುಳ್ಳು ಕೂಗು ಹಾಕೋ ಜಾಗಗಳನ್ನ ಒಂದು ಸಲ ಒತ್ತಿ ಉಳಿಸಿಬಿಟ್ಟರೆ ಮತ್ತೆ ಅಲ್ಲಿ ಬಾಯಿ ಬಿಡಲ್ಲ.

ಇನ್ನು ಕೂರಿಸಿದ್ದು. ಎಲ್ಲರೂ ಹೆದರಿಸಿದ ಫೈಬರ್ ಬಾಡಿಯೇ ಇಲ್ಲಿ ವರವಾಯ್ತು. ತಗಡಿನ ಗಾಡಿಯಲ್ಲಾಗಿದ್ದರೆ ಆಂಟೆನಾಗೆ ಗ್ರಿಲ್‌ನಲ್ಲಿ ಸಂದಿ ಹುಡುಕಬೇಕಿತ್ತು. ಫೈಬರ್‌ಗ್ಲಾಸ್ ಅಲೆಯನ್ನ ತಡೆಯಲ್ಲ. ಮೂತಿಯ ಒಳಗಡೆಯೇ ಅಂಟಿಸಿದೆ, ಹೊರಗಿಂದ ಏನೂ ಕಾಣಲ್ಲ. ಅನುಮಾನ ಬಗೆಹರಿಯಲಿ ಅಂತ ಗೆಳೆಯನ ಹತ್ತಿರ ಒಡೆದ ಕಾರ್ಬನ್ ಫೈಬರ್ ಬಾನೆಟ್ ತುಂಡು ತಂದು ಆಂಟೆನಾ ಮುಂದೆ ಹಿಡಿದೆ. ಮಾಲ್ ಬಾಗಿಲು ಎದುರಿಗಿದ್ದರೂ ಪೂರ್ತಿ ಮೌನ. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೋಡಿದೆ, ಅರ್ಧಕ್ಕರ್ಧ ದೂರ ಕಡಿಮೆಯಾಯ್ತು. ಒಣ ಗೋಣಿಗೆ ಏನೂ ಆಗಲಿಲ್ಲ.

ತಲೆನೋವು ಕೊಟ್ಟಿದ್ದು ಅರ್ತಿಂಗ್. ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಕಪ್ಪು ವೈರನ್ನ ಹತ್ತಿರದ ಸ್ಕ್ರೂಗೆ ಬಿಗಿದಿದ್ದ. ತಗಡಿನ ಬಾಡಿಯಾದರೆ ಅದೇ ಕರೆಂಟನ್ನ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಒಯ್ಯುತ್ತೆ, ಫೈಬರ್‌ನಲ್ಲಿ ಆ ಸ್ಕ್ರೂ ಎಲ್ಲಿಗೂ ಸೇರಲ್ಲವಲ್ಲ! ಡಿಸ್‌ಪ್ಲೇ ಮಿಣುಕ್ ಅಂತಲೂ ಅನ್ನಲಿಲ್ಲ. ಆಮೇಲೆ ಡ್ಯಾಶ್ ಒಳಗಿನ ಹಳೇ ಅರ್ತ್‌ಗೆ ಸೇರಿಸಿದ. ಹೆಡ್‌ಲೈಟ್ ಹಾಕಿದಾಗಲೆಲ್ಲಾ ರೀಸ್ಟಾರ್ಟ್. ಇಷ್ಟಕ್ಕೇ ಮೂರು ಭಾನುವಾರ, ಸಾವಿರದ ಎಂಟುನೂರು ರೂಪಾಯಿ ಕೂಲಿ. ಕೊನೆಗೆ ನಾನೇ ಕೂತು ಬ್ಯಾಟರಿಯ ನೆಗೆಟಿವ್‌ನಿಂದ ನೇರ ಒಂದು ವೈರ್ ಎಳೆದೆ, ಹತ್ತಿರ ಹತ್ತಿರ ನಾಲ್ಕು ಮೀಟರ್. ಪಾಸಿಟಿವ್ ಇಗ್ನಿಷನ್ ಫ್ಯೂಸಿಂದಲೇ ಕೊಡಿ. ನಾನು ಮೊದಲು ಸದಾ ಕರೆಂಟ್ ಇರೋ ಲೈನ್‌ಗೆ ಕೊಟ್ಟು, ದಸರಾ ರಜಕ್ಕೆ ಊರಿಗೆ ಹೋಗಿ ಬಂದರೆ ಬ್ಯಾಟರಿ ಸತ್ತು ಬಿದ್ದಿತ್ತು. ಹೊಸದಕ್ಕೆ ನಾಲ್ಕು ಸಾವಿರದ ಮೇಲೆ ಹೋಯ್ತು.

ಟಾಪ್ ತೆಗೆದು ಓಡಿಸುವಾಗ ಗಾಳಿ ಸದ್ದಿಗೆ ಬೀಪ್ ಕೇಳಿಸ್ತಿರಲಿಲ್ಲ. ಸ್ಪೀಕರನ್ನ ಬೇರೆ ಕಡೆ ಸರಿಸಿದ ಮೇಲೆ ಗಣಂಗೂರು ಟೋಲ್ ಗಲಾಟೆಯಲ್ಲೂ ಸ್ಪಷ್ಟವಾಗಿ ಕೇಳುತ್ತೆ. ಎಲ್ಲಿಗೆ ಸರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಆ ಜಾಗ ಹುಡುಕೋಕೆ ನನಗೆ ಎರಡು ತಿಂಗಳು ಹಿಡಿದಿದೆ.

ಒಟ್ಟು ಮೂವತ್ತೈದು ಸಾವಿರದ ಹತ್ತಿರ ಹೋಗಿರಬೇಕು. ಮೊನ್ನೆ ಅದೇ ಎಲೆಕ್ಟ್ರಿಷಿಯನ್ ಫೋನ್ ಮಾಡಿದ್ದ. ಬೇರೆ ಯಾರದೋ ಸ್ಟಾರ್ಮ್ ಬಾನೆಟ್ ಎತ್ತಿ ನಿಂತಿದ್ದನಂತೆ: "ಸಾರ್, ಆ ಕಪ್ಪು ವೈರ್ ಎಷ್ಟು ದಪ್ಪದ್ದು ಎಳೆದಿದ್ರಿ?"