ಪಿಡಿ-ಎಲ್1 ರಿಪೋರ್ಟ್ ಓದೋದು ಹೇಗೆ?

ಮೊನ್ನೆ ಅತ್ತಿಗೆ ಫೋನ್ ಮಾಡಿ ಅತ್ತರು. ಅವರ ತಂದೆಯ ಶ್ವಾಸಕೋಶದ ಕ್ಯಾನ್ಸರ್ ರಿಪೋರ್ಟ್‌ನಲ್ಲಿ 'ಪಿಡಿ-ಎಲ್1 ಟಿಪಿಎಸ್ 60%' ಅಂತಿತ್ತು. ರೋಗ ಅಷ್ಟು ಹರಡಿದೆ ಅಂದುಕೊಂಡಿದ್ದರು. ಹಾಗಲ್ಲ.

ಲ್ಯಾಬ್‌ನಲ್ಲಿ ನಾನು ದಿನಾ ಇಂಥ ಸ್ಲೈಡ್‌ಗಳಿಗೆ ಬಣ್ಣ ಹಾಕುತ್ತೇನೆ. ಪಿಡಿ-ಎಲ್1 ಅನ್ನೋ ಪ್ರೋಟೀನ್ ಇರುವ ಕ್ಯಾನ್ಸರ್ ಕೋಶದ ಅಂಚು ಕಾಫಿ ಲೋಟದ ಕಲೆಯ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೂರರಲ್ಲಿ ಎಷ್ಟು ಕೋಶ ಹಾಗಿವೆ ಅನ್ನೋದೇ ಟಿಪಿಎಸ್. ಈ ಪ್ರೋಟೀನ್ ನಮ್ಮ ರೋಗನಿರೋಧಕ ಕೋಶಗಳಿಗೆ ಬ್ರೇಕ್ ಹಾಕುತ್ತದೆ. ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಿ ಆ ಬ್ರೇಕ್ ಬಿಡಿಸುತ್ತದೆ.

ಚಿಕಿತ್ಸೆ ಆರಿಸುವಾಗ ಈ ಸಂಖ್ಯೆ ಮುಖ್ಯ. ಅದು 1ಕ್ಕಿಂತ ಕಡಿಮೆಯೋ, 1ರಿಂದ 49ರೊಳಗೋ, 50 ಅಥವಾ ಜಾಸ್ತಿಯೋ ನೋಡಿ. ಸ್ಯಾಂಪಲ್‌ನಲ್ಲಿ 100 ಕ್ಯಾನ್ಸರ್ ಕೋಶವಾದರೂ ಇರಬೇಕು. ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳ ಪರೀಕ್ಷೆಯ ಫಲಿತಾಂಶ ಬರುವವರೆಗೆ ಸುಮ್ನೆ ಲೆಕ್ಕ ಹಾಕಬೇಡಿ. ಅವು ಪಾಸಿಟಿವ್ ಬಂದರೆ ಚಿಕಿತ್ಸೆಯ ದಾರಿಯೇ ಬೇರೆ.

ಆಯುಷ್ಯದ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ಕೀನೋಟ್-024 ಅನ್ನೋ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನದಲ್ಲಿ ಎಲ್ಲ ರೋಗಿಗಳಿಗೂ ಟಿಪಿಎಸ್ 50 ಅಥವಾ ಹೆಚ್ಚಿತ್ತು. ಮೊದಲಿಗೇ ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ಸುಮಾರು 32% ಜನ 5 ವರ್ಷ ದಾಟಿದರು. ಕೀಮೋದಿಂದ ಶುರು ಮಾಡಿದವರಲ್ಲಿ ಸುಮಾರು 16%. ಇದು ಗುಂಪಿನ ಲೆಕ್ಕ, ನಿಮ್ಮ ಅಪ್ಪನದಲ್ಲ ಅಂದೆ. ಅತ್ತಿಗೆ ಪೆನ್ನು ತಂದು, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಬರೆದುಕೊಂಡರು.